ಮೇಲ್‌ಗೆ ಬಣ್ಣ ಬಳಿಯುವುದು ನಿಲ್ಲಲಿ

ಮಾನ್ಯ ಸಂಪಾದಕರೇ,

ಶಿರಸಿ ತಾಲ್ಲೂಕಿನ ಒಂದು ಸಣ್ಣ ಅಡಿಕೆ ಬೆಳೆಗಾರರ ಸಂಘದಲ್ಲಿ ಲೆಕ್ಕ ಬರೆಯುವವಳು ನಾನು. ಖರೀದಿದಾರರಿಗೆ ಬಿಲ್ ಕಳಿಸುವುದು, ಬಂದ ಮೇಲ್‌ಗೆ ಉತ್ತರ ಬರೆಯುವುದು ಎಲ್ಲ ನನ್ನದೇ ಕೆಲಸ. ಕಳೆದ ಮಳೆಗಾಲದಲ್ಲಿ ಒಂದೇ ಒಂದು ಮೇಲ್‌ನಿಂದಾಗಿ ನಮಗೆ ಬರಬೇಕಿದ್ದ 2,40,000 ರೂಪಾಯಿ ಯಾರದೋ ಖಾತೆಗೆ ಹೋಯಿತು. ಅದು ಹೇಗಾಯಿತು, ಆಗದ ಹಾಗೆ ಮಾಡಲು ಏನಿತ್ತು ಅನ್ನುವುದನ್ನು ನಾಲ್ಕು ಜನ ಓದಲಿ ಎಂದು ಬರೆಯುತ್ತಿದ್ದೇನೆ. ಬಣ್ಣ, ಚಿತ್ರ, ಗುಂಡಿ ಏನೂ ಇಲ್ಲದೆ ಮೇಲ್ ಅನ್ನು ಬರೀ ಅಕ್ಷರದಲ್ಲೇ ಕಳಿಸಬೇಕು, ಓದಬೇಕು ಅನ್ನುವುದು ನನ್ನ ಮಾತು. ಪತ್ರ ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಜಾಗ ಕೊಡಿ.

ಅವತ್ತು ಬೆಳಗ್ಗೆಯಿಂದ ಕರೆಂಟ್ ಇರಲಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಬಂತು. ಬಂದದ್ದೇ ನಮ್ಮ ಗುಮಾಸ್ತರು ಕಂಪ್ಯೂಟರ್ ಹಾಕಿ ಮೇಲ್ ತೆರೆದರು. ಹೊಸದಾಗಿ ಒಂದು ಮೇಲ್ ಬಂದಿತ್ತು. ಮೇಲ್ಗಡೆ ನಾವು ಬಳಸುವ ಮೇಲ್ ಕಂಪನಿಯ ಚಿಹ್ನೆ, ಅದೇ ಬಣ್ಣ, ಅದೇ ಥರದ ಅಕ್ಷರ. ಕೆಳಗೆ ಉದ್ದಕ್ಕೆ ಒಂದು ಕೆಂಪು ಪಟ್ಟಿ, ಹೆಚ್ಚು ಕಡಿಮೆ ತುದಿಯ ತನಕ ತುಂಬಿದೆ. ನಿಮ್ಮ ಮೇಲ್ ಪೆಟ್ಟಿಗೆ 98% ತುಂಬಿದೆ, ಇವತ್ತೇ ಸರಿ ಮಾಡದಿದ್ದರೆ ಹೊಸ ಮೇಲ್ ಬರುವುದಿಲ್ಲ ಅಂತ ಇಂಗ್ಲಿಷಿನಲ್ಲಿ ಇತ್ತು. ಅದರ ಕೆಳಗೆ ಒಂದು ನೀಲಿ ಗುಂಡಿ. 'ತಂಗೀ, ಪೆಟ್ಟಿಗೆ ತುಂಬಿದೆಯಂತೆ, ಕಂಪನಿಯವರದ್ದೇ ಮೇಲ್' ಅಂದರು ಗುಮಾಸ್ತರು. ನಾನು ವೋಚರ್ ಬರೆಯುತ್ತಿದ್ದೆ. ಎದ್ದು ಹೋಗಿ ನೋಡಿದೆ. 'ಹೌದು ಅನ್ನಿಸ್ತದೆ, ಒತ್ತಿ' ಅಂದೆ. ಒತ್ತಿ ಅಂದವಳು ನಾನೇ. ಅವರ ತಪ್ಪಲ್ಲ ಅದು.

ಒತ್ತಿದ ಮೇಲೆ ಪಾಸ್‌ವರ್ಡ್ ಕೇಳಿತು, ಹಾಕಿದರು. ಆಮೇಲೆ ಪುಟ ತಾನಾಗಿಯೇ ನಮ್ಮ ನಿಜವಾದ ಮೇಲ್‌ಗೇ ಬಂದು ನಿಂತಿತು. ಏನೂ ಆಗಲಿಲ್ಲ ಅಂದುಕೊಂಡು ನಾವು ಚಹಾ ಕುಡಿದೆವು. ಆದರೆ ಅಲ್ಲಿಂದ ಒಂಬತ್ತು ದಿನ ಯಾರೋ ನಮ್ಮ ಮೇಲ್ ಓದುತ್ತಾ ಕೂತಿದ್ದರು. ಗುಜರಾತಿನ ಒಬ್ಬ ಖರೀದಿದಾರರು ನಮ್ಮಿಂದ ರಾಶಿ ಅಡಿಕೆ ತರಿಸಿಕೊಂಡಿದ್ದರು, ದುಡ್ಡು ಹಾಕುವುದಿತ್ತು. ಅವರಿಗೆ ನಮ್ಮದೇ ಮೇಲ್‌ನಿಂದ, ನಾನು ಬರೆಯುವ ಹಾಗೇ, 'ಆಡಿಟ್ ನಡೆಯುತ್ತಿದೆ, ಈ ಸಲ ಈ ಖಾತೆಗೆ ಹಾಕಿ' ಅಂತ ಹೋಯಿತು. ಅವರ ಉತ್ತರ ನಮ್ಮ ಕಣ್ಣಿಗೆ ಬೀಳಲೇ ಇಲ್ಲ. ಯಾಕೆಂದರೆ ಅವರಿಂದ ಬಂದ ಮೇಲ್ ಎಲ್ಲ ನೇರ ಬೇರೊಂದು ಫೋಲ್ಡರಿಗೆ ಹೋಗುವ ಹಾಗೆ ನಮ್ಮ ಪೆಟ್ಟಿಗೆಯಲ್ಲೇ ಒಂದು ನಿಯಮ ಬರೆದಿಟ್ಟಿದ್ದರು. ಐದು ದಿನ ಕಳೆದು ಆ ಖರೀದಿದಾರರೇ ಫೋನ್ ಮಾಡಿ ದುಡ್ಡು ಸೇರಿತಾ ಅಂತ ಕೇಳಿದಾಗಲೇ ಗೊತ್ತಾದದ್ದು. ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆವು, ದೂರು ಕೊಟ್ಟೆವು. 61 ಸಾವಿರ ರೂಪಾಯಿ ತಡೆಹಿಡಿಯಲು ಆಯಿತು. ಉಳಿದದ್ದು ಅಷ್ಟರೊಳಗೆ ಖಾತೆಯಿಂದ ಖಾತೆಗೆ ದಾಟಿ ಹೋಗಿತ್ತು. ಕೊಳೆ ರೋಗದ ವರ್ಷ ಅದು. ಮರ ಹತ್ತಿ ಔಷಧ ಹೊಡೆಸಿ ಉಳಿಸಿಕೊಂಡ ಅಡಿಕೆಯ ದುಡ್ಡು ಹಾಗೆ ಹೋದರೆ ಸದಸ್ಯರ ಮುಖ ನೋಡುವುದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತಿರಬಹುದು.

ದೀಪಾವಳಿಗೆ ಅಣ್ಣನ ಮಗ ಹುಬ್ಬಳ್ಳಿಯಿಂದ ಬಂದಿದ್ದ, ಇಂಜಿನಿಯರಿಂಗ್ ಓದುವವನು. 'ಅತ್ತೆ, ಆ ಮೇಲ್ ಇನ್ನೂ ಇದೆಯಾ?' ಅಂತ ಕೇಳಿದ. ಪೊಲೀಸರಿಗೆ ಬೇಕಾಗುತ್ತದೆಂದು ಇಟ್ಟಿದ್ದೆವು. ಅವನು ಥಂಡರ್‌ಬರ್ಡ್ ಅನ್ನುವ ಉಚಿತ ಮೇಲ್ ತಂತ್ರಾಂಶ ಹಾಕಿ, ಅದರ ವ್ಯೂ ಮೆನುವಿನಲ್ಲಿ ಮೆಸೇಜ್ ಬಾಡಿ ಆಸ್ ಅಂತ ಇದೆ ನೋಡಿ, ಅಲ್ಲಿ ಪ್ಲೇನ್ ಟೆಕ್ಸ್ಟ್ ಅನ್ನುವುದನ್ನು ಆರಿಸಿ, ಅದೇ ಮೇಲ್ ತೆರೆದ. ಚಿಹ್ನೆ ಹೋಯಿತು. ಕೆಂಪು ಪಟ್ಟಿ ಹೋಯಿತು. ನೀಲಿ ಗುಂಡಿಯೂ ಹೋಯಿತು. ಉಳಿದದ್ದು ಮೂರು ಸಾಲು ಇಂಗ್ಲಿಷು, ಗುಂಡಿ ಇದ್ದ ಜಾಗದಲ್ಲಿ ಎರಡು ಸಾಲು ಉದ್ದದ ಒಂದು ವಿಳಾಸ. ಆ ವಿಳಾಸದಲ್ಲಿ ನಮ್ಮ ಮೇಲ್ ಕಂಪನಿಯ ಹೆಸರೇ ಇಲ್ಲ. ಯಾವುದೋ ದೇಶದ ಮೇಜು ಕುರ್ಚಿ ಮಾರುವ ಅಂಗಡಿಯ ಹೆಸರಿತ್ತು. ಯಕ್ಷಗಾನದ ಚೌಕಿಯಲ್ಲಿ ಕಿರೀಟ ಇಳಿಸಿ ಬಣ್ಣ ಒರೆಸಿಕೊಂಡ ಮೇಲೆ ವೇಷಧಾರಿ ಯಾರು ಅಂತ ಗೊತ್ತಾಗುತ್ತದಲ್ಲ, ಹಾಗೆ. ಇದನ್ನು ಅವತ್ತು ಈ ರೂಪದಲ್ಲಿ ನೋಡಿದ್ದರೆ ನಾನು ಖಂಡಿತ ಒತ್ತಿ ಅನ್ನುತ್ತಿರಲಿಲ್ಲ. ಗುಮಾಸ್ತರು ನನ್ನನ್ನು ಕರೆಯುತ್ತಲೂ ಇರಲಿಲ್ಲ.

ಆಮೇಲೆ ಅವನ ಹತ್ತಿರ ಕೇಳಿ, ನಾನೂ ಓದಿ ತಿಳಿದುಕೊಂಡದ್ದನ್ನು ನನಗೆ ತಿಳಿದ ಮಾತಿನಲ್ಲಿ ಹೇಳುತ್ತೇನೆ. ಇ-ಮೇಲ್ ಹುಟ್ಟಿದ್ದು ಬರೀ ಅಕ್ಷರವಾಗಿ. 1971ರಲ್ಲಿ ರೇ ಟಾಮ್ಲಿನ್ಸನ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಕಳಿಸಿದ ಮೊದಲ ಮೇಲ್‌ನಲ್ಲಿ ಅಕ್ಷರ ಬಿಟ್ಟು ಏನೂ ಇರಲಿಲ್ಲ. 1992ರಲ್ಲಿ ಮೈಮ್ ಅನ್ನುವ ಪದ್ಧತಿ ಬಂತು. ಅದರಿಂದ ಮೇಲ್ ಜೊತೆ ಫೋಟೊ, ಫೈಲ್ ಕಳಿಸಲು ಆಯಿತು, ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯ ಅಕ್ಷರಕ್ಕೂ ದಾರಿ ಆಯಿತು. ಅದು ಒಳ್ಳೆಯದೇ. ಅದೇ ದಶಕದ ಕೊನೆಗೆ ವೆಬ್ ಪುಟ ಬರೆಯುವ ಎಚ್‌ಟಿಎಂಎಲ್ ಭಾಷೆಯನ್ನೇ ಮೇಲ್‌ನೊಳಗೆ ತಂದು ಕೂರಿಸಿದರು. ಅಲ್ಲಿಂದ ಮೇಲ್ ಅನ್ನುವುದು ಕಾಗದ ಆಗಿ ಉಳಿಯಲಿಲ್ಲ. ಯಾರೋ ಗೊತ್ತಿಲ್ಲದವರು ಬರೆದ ವೆಬ್ ಪುಟ ನಮ್ಮ ಮೇಜಿನ ಮೇಲೆ ನಾವು ಕರೆಯದೇ ಬಂದು ತೆರೆದುಕೊಳ್ಳುವ ಹಾಗಾಯಿತು.

ಇದರ ಫಲ ಬೇಗನೇ ಕಂಡಿತು. 1999ರ ನವೆಂಬರಿನಲ್ಲಿ ಬಬಲ್‌ಬಾಯ್ ಅನ್ನುವ ವರ್ಮ್, ಅಂದರೆ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನೇ ಹರಡುವ ಕಳ್ಳ ಪ್ರೋಗ್ರಾಂ, ಬಂತು. ಅಟ್ಯಾಚ್‌ಮೆಂಟ್ ಒತ್ತುವುದೇ ಬೇಡ, ಮೇಲ್ ತೆರೆದರೆ ಸಾಕು, ಅದರೊಳಗಿದ್ದ ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಂ, ಓಡುತ್ತಿತ್ತು. ಅದು ಮಾಡಿದ ಹಾನಿ ಕಡಿಮೆ, ಆದರೆ ದಾರಿ ಇದೆ ಅಂತ ತೋರಿಸಿಬಿಟ್ಟಿತು. ಮರುವರ್ಷ ಮೇ ತಿಂಗಳಲ್ಲಿ ಫಿಲಿಪ್ಪೀನ್ಸಿನಿಂದ ಹೊರಟ ಐ ಲವ್ ಯು ವರ್ಮ್ ಪ್ರಪಂಚ ಸುತ್ತಿತು. ಅದು ಪ್ರೇಮಪತ್ರ ಅನ್ನುವ ಹೆಸರಿನ ಅಟ್ಯಾಚ್‌ಮೆಂಟ್ ಆಗಿ ಬಂದ ಸ್ಕ್ರಿಪ್ಟು. ಹೆಸರಿನ ಕೊನೆ ತುಣುಕನ್ನು ವಿಂಡೋಸ್ ಬಚ್ಚಿಡುತ್ತಿದ್ದರಿಂದ ಎಲ್ಲರಿಗೂ ಬರೀ ಅಕ್ಷರದ ಫೈಲ್ ಹಾಗೆ ಕಂಡಿತು. ಒತ್ತಿದವರ ಫೋಟೊಗಳ ಮೇಲೆ ತನ್ನನ್ನೇ ಬರೆದುಕೊಂಡು, ಅವರ ವಿಳಾಸ ಪುಸ್ತಕದಲ್ಲಿದ್ದ ಎಲ್ಲರಿಗೂ ಹೋಯಿತು.

ಈಗ ಹಾಗಿಲ್ಲ, ಮೇಲ್ ಕಂಪನಿಗಳು ಸ್ಕ್ರಿಪ್ಟ್ ಕಿತ್ತು ಹಾಕಿಯೇ ಮೇಲ್ ತೋರಿಸುತ್ತವೆ ಅನ್ನುವವರಿದ್ದಾರೆ. ನಿಜ, ಕಿತ್ತು ಹಾಕುತ್ತವೆ. ಆದರೆ ಅದು ಜರಡಿ ಹಿಡಿಯುವ ಕೆಲಸ. ಜರಡಿಯಲ್ಲಿ ಎಲ್ಲಿ ಒಂದು ತೂತು ದೊಡ್ಡದಾದರೂ ಅಲ್ಲಿಂದ ನುಗ್ಗುತ್ತದೆ. 2006ರಲ್ಲಿ ಯಾಹೂ ಮೇಲ್‌ನ ಜರಡಿ ದಾಟಿ ಯಮಾನ್ನರ್ ಅನ್ನುವ ವರ್ಮ್ ಓಡಿತು, ಅದಕ್ಕೂ ಮೇಲ್ ತೆರೆದರೆ ಸಾಕಿತ್ತು. ಹಳೇ ಕತೆ ಅಂತ ಬಿಡುವ ಹಾಗೂ ಇಲ್ಲ. 2023ರ ಅಕ್ಟೋಬರಿನಲ್ಲಿ ರೌಂಡ್‌ಕ್ಯೂಬ್ ಅನ್ನುವ ವೆಬ್‌ಮೇಲ್‌ನಲ್ಲಿ ಇದೇ ಆಯಿತು. ಸ್ವಂತ ಹೆಸರಿನ ವೆಬ್‌ಸೈಟ್ ಇಟ್ಟುಕೊಂಡ ಸಣ್ಣ ಸಣ್ಣ ಆಫೀಸುಗಳು ಎಷ್ಟೋ ಕಡೆ ಇದರಲ್ಲೇ ಮೇಲ್ ನೋಡುತ್ತವೆ. ಎಸ್‌ವಿಜಿ ಅನ್ನುವ ಒಂದು ಜಾತಿಯ ಚಿತ್ರದ ಒಳಗೆ ಸ್ಕ್ರಿಪ್ಟ್ ಬಚ್ಚಿಟ್ಟು ಯುರೋಪಿನ ಸರ್ಕಾರಿ ಕಚೇರಿಗಳ ಮೇಲ್ ಓದಲು ನೋಡಿದ್ದರು. ಅಂದರೆ 24 ವರ್ಷ ಜರಡಿ ಹಿಡಿದರೂ ಕಸ ಬರುವುದು ನಿಂತಿಲ್ಲ. ಎಚ್‌ಟಿಎಂಎಲ್ ಅನ್ನೇ ತೆಗೆದು ಅಕ್ಷರ ಮಾತ್ರ ತೋರಿಸಿದರೆ ಜರಡಿ ಹಿಡಿಯುವುದೇ ಬೇಡ, ಓಡಲು ಅಲ್ಲಿ ಏನೂ ಇರುವುದಿಲ್ಲ.

ನಮಗಾದದ್ದರಲ್ಲಿ ಸ್ಕ್ರಿಪ್ಟ್ ಓಡಲೇ ಇಲ್ಲ ಅಲ್ವಾ ಅಂತ ಕೇಳಬಹುದು. ಓಡಲಿಲ್ಲ. ಮೇಲ್‌ನ ಬಣ್ಣವೇ ಅಲ್ಲಿ ಕೆಲಸ ಮಾಡಿತು. ಕಣ್ಣಿಗೆ ಕಾಣುವ ಹೆಸರು ಒಂದು, ಒತ್ತಿದರೆ ಹೋಗುವ ಜಾಗ ಇನ್ನೊಂದು, ಎಚ್‌ಟಿಎಂಎಲ್‌ನಲ್ಲಿ ಇದು ಮೋಸವೇ ಅಲ್ಲ, ಅದು ಇರುವುದೇ ಹಾಗೆ. ರಿಸರ್ವ್ ಬ್ಯಾಂಕು 2025ರಲ್ಲಿ ಒಂದು ಒಳ್ಳೆಯ ಕೆಲಸ ಮಾಡಿತು. ಎಲ್ಲ ಬ್ಯಾಂಕುಗಳೂ ತಮ್ಮ ವೆಬ್ ವಿಳಾಸವನ್ನು ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಕೊನೆಯಾಗುವ ಹಾಗೆ ಬದಲಿಸಿಕೊಳ್ಳಬೇಕು ಅಂತ ಹೇಳಿತು. ಆ ಹೆಸರು ಬ್ಯಾಂಕುಗಳಿಗೆ ಬಿಟ್ಟು ಬೇರೆಯವರಿಗೆ ಸಿಗುವುದಿಲ್ಲ. ನಮ್ಮಂಥವರಿಗೆ ಇದಕ್ಕಿಂತ ಸುಲಭದ ಗುರುತು ಬೇಕಾ? ಆದರೆ ಬ್ಯಾಂಕಿನಿಂದ ಬರುವ ಮೇಲ್‌ನಲ್ಲಿ ಆ ವಿಳಾಸ ಎಲ್ಲಿ ಕಾಣುತ್ತದೆ ಹೇಳಿ. 'ಇಲ್ಲಿ ಒತ್ತಿ' ಅನ್ನುವ ಗುಂಡಿಯ ಅಡಿಗೆ ಹೋಗಿ ಕೂತಿರುತ್ತದೆ. ಫೋನಿನಲ್ಲಂತೂ ಬೆರಳು ಒತ್ತಿ ಹಿಡಿದು ನೋಡಬೇಕು, ಅದನ್ನು ಎಷ್ಟು ಜನ ಮಾಡುತ್ತಾರೆ? ಬರೀ ಅಕ್ಷರದ ಮೇಲ್ ಆದರೆ ವಿಳಾಸ ಬಯಲಿಗೆ ಬಂದೇ ಬರುತ್ತದೆ, ಅಡಗಲು ಜಾಗವೇ ಇಲ್ಲ. ಓದುವಾಗ ಒಂದು ನೆನಪಿಟ್ಟುಕೊಳ್ಳಬೇಕು, ಶುರುವಿನ https:// ಬಿಟ್ಟು, ಆಮೇಲೆ ಬರುವ ಮೊದಲ ಓರೆ ಗೀಟಿನ (/) ತನಕ ಇರುವ ಹೆಸರನ್ನು ಹಿಂದಿನಿಂದ ಓದಬೇಕು. ಬ್ಯಾಂಕ್ ಡಾಟ್ ಇನ್ ಅಂತ ನಡುವೆ ಬಂದು, ಆಮೇಲೆ ಮತ್ತೇನೋ ಡಾಟ್ ಕಾಮ್ ಅಂತ ಮುಗಿದರೆ ಅದು ಬ್ಯಾಂಕಿನದ್ದಲ್ಲ. ಇದನ್ನು ನಮ್ಮ ಸಂಘದ ಎಪ್ಪತ್ತು ದಾಟಿದ ಅಧ್ಯಕ್ಷರಿಗೆ ಒಮ್ಮೆ ಹೇಳಿಕೊಟ್ಟೆ, ಈಗ ಅವರು ನನಗಿಂತ ಚೆನ್ನಾಗಿ ಹಿಡಿಯುತ್ತಾರೆ. ಜನರಿಗೆ ಬುದ್ಧಿ ಇಲ್ಲ ಅನ್ನುವುದು ಸುಳ್ಳು. ನೋಡಬೇಕಾದ್ದನ್ನು ಅವರಿಂದ ಬಚ್ಚಿಟ್ಟು ಆಮೇಲೆ ಎಚ್ಚರಿಕೆಯಿಂದಿರಿ ಅಂತ ಹೇಳುವುದು ನ್ಯಾಯವಲ್ಲ.

ಇನ್ನೊಂದು, ಕಾಣದ ಚಿತ್ರ. ಕೆಲವು ಮೇಲ್‌ಗಳಲ್ಲಿ ಒಂದು ಚುಕ್ಕಿಯಷ್ಟು, ಕಣ್ಣಿಗೆ ಬೀಳದ ಚಿತ್ರ ಇಟ್ಟಿರುತ್ತಾರೆ. ಅದು ಮೇಲ್ ಜೊತೆ ಬರುವುದಿಲ್ಲ, ನಾವು ತೆರೆದಾಗ ಅವರ ಸರ್ವರ್‌ನಿಂದ ಇಳಿಯುತ್ತದೆ. ಇಳಿದ ಕೂಡಲೇ ಈ ವಿಳಾಸ ಜೀವಂತವಿದೆ, ಇಷ್ಟು ಗಂಟೆಗೆ ತೆರೆದರು ಅನ್ನುವುದು ಅವರಿಗೆ ಗೊತ್ತಾಗುತ್ತದೆ. ಜಿಮೇಲ್ 2013ರಿಂದ ಚಿತ್ರಗಳನ್ನು ತನ್ನ ಸರ್ವರ್ ಮೂಲಕ ತರಿಸುತ್ತದೆ, ಹಾಗಾಗಿ ನಾವು ಎಲ್ಲಿದ್ದೇವೆ ಅನ್ನುವುದು ಅವರಿಗೆ ಸಿಗುವುದಿಲ್ಲ, ತೆರೆದದ್ದು ಮಾತ್ರ ಸಿಗುತ್ತದೆ. ಇದನ್ನು ತಡೆಯುವುದು ಸುಲಭ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಇಮೇಜಸ್ ಅಂತ ಇರುವಲ್ಲಿ, ಹೊರಗಿನ ಚಿತ್ರ ತೋರಿಸುವ ಮೊದಲು ಕೇಳು ಅನ್ನುವುದನ್ನು ಆರಿಸಿಬಿಡಿ. ಫೋನಿನಲ್ಲೂ ಇದೆ. ಅರ್ಧ ನಿಮಿಷದ ಕೆಲಸ. ಇತ್ತೀಚೆಗೆ ಮೇಲ್ ಓದಿ ಸಾರಾಂಶ ಹೇಳುವ ಎಐ ಬಂದಿದೆಯಲ್ಲ, ಅದನ್ನೂ ಹೀಗೇ ದಾರಿ ತಪ್ಪಿಸಬಹುದಂತೆ. ಬಿಳಿ ಹಾಳೆ ಮೇಲೆ ಬಿಳಿ ಅಕ್ಷರದಲ್ಲಿ ಬರೆದಿಟ್ಟದ್ದು ನಮಗೆ ಕಾಣುವುದಿಲ್ಲ, ಎಐಗೆ ಕಾಣುತ್ತದೆ, ಅದು ಹಾಗೇ ನಮಗೆ ಹೇಳುತ್ತದೆ. 2025ರಲ್ಲಿ ಇದನ್ನು ಮಾಡಿಯೇ ತೋರಿಸಿದ್ದಾರೆ.

ಈಗ ನನ್ನ ಮನಸ್ಸಿಗೆ ಹತ್ತಿರದ ವಿಷಯ, ಕನ್ನಡ. ಸಂಘದ ಸಭೆಯಲ್ಲಿ ನಾನು ಇನ್ನು ಮೇಲೆ ಬರೀ ಅಕ್ಷರದ ಮೇಲ್ ಮಾಡೋಣ ಅಂದಾಗ ಒಬ್ಬರು ಎದ್ದು, ಹಾಗಾದರೆ ಇಂಗ್ಲಿಷಿನಲ್ಲೇ ಬರೆಯಬೇಕು ಅಲ್ವಾ ಅಂದರು. ಬೇಡವೇ ಬೇಡ. ಹಿಂದೆ ನುಡಿ, ಬರಹ ಅಂತ ಬಂದ ಹಳೇ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಒಳಗೆ ಇಂಗ್ಲಿಷ್ ಸಂಕೇತವೇ ಆಗಿರುತ್ತಿತ್ತು, ಫಾಂಟ್ ಅದಕ್ಕೆ ಕನ್ನಡದ ಆಕಾರ ಕೊಡುತ್ತಿತ್ತು. ಫಾಂಟ್ ತೆಗೆದರೆ ಕಸ. ಅದಕ್ಕೇ ಕನ್ನಡ ಕಳಿಸಬೇಕೆಂದರೆ ವರ್ಡ್ ಫೈಲ್ ಮಾಡು, ಪಿಡಿಎಫ್ ಮಾಡು ಅನ್ನುವ ಅಭ್ಯಾಸ ನಮಗೆ ಬಿದ್ದದ್ದು. ಯುನಿಕೋಡ್‌ನಲ್ಲಿ ಹಾಗಲ್ಲ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅದರಲ್ಲಿ ತನ್ನದೇ ಜಾಗ ಇದೆ. ಕ ಅಂದರೆ ಎಲ್ಲ ಫೋನಿನಲ್ಲೂ ಕ. ಫೋನಿನಲ್ಲಿ ನಾವು ದಿನಾ ಟೈಪ್ ಮಾಡುವುದು ಅದೇ. ಬರೀ ಅಕ್ಷರದ ಮೇಲ್‌ನಲ್ಲಿ ಒತ್ತಕ್ಷರ ಸಮೇತ ಎಲ್ಲ ಸರಿಯಾಗಿ ಹೋಗುತ್ತದೆ, ನಾನು ದಿನಾ ಕಳಿಸುತ್ತೇನೆ.

ಆದರೂ ನಮಗೆ ಬರುವ ಸುತ್ತೋಲೆಗಳು ಹೇಗಿರುತ್ತವೆ ಗೊತ್ತಾ? ಮೇಲ್‌ನೊಳಗೆ 'ಲಗತ್ತಿಸಿದೆ, ನೋಡಿ' ಅಂತ ಒಂದು ಸಾಲು. ಲಗತ್ತು ಒಂದು ವರ್ಡ್ ಫೈಲು. ಅದನ್ನು ಇಳಿಸಿ ತೆರೆದರೆ ಅಕ್ಷರ ಎಲ್ಲ ಕಲಸಿಹೋಗಿರುತ್ತದೆ, ಯಾಕೆಂದರೆ ಆ ಹಳೇ ಫಾಂಟ್ ನಮ್ಮ ಕಂಪ್ಯೂಟರಿನಲ್ಲಿಲ್ಲ. ಫಾಂಟ್ ಹುಡುಕಿ ಹಾಕಿ ನೋಡಿದರೆ ಇರುವುದು ನಾಲ್ಕು ಸಾಲು, ಇಂಥ ದಿನ ಇಷ್ಟು ಗಂಟೆಗೆ ಸಭೆ, ತಪ್ಪದೇ ಬನ್ನಿ. ಆ ನಾಲ್ಕು ಸಾಲನ್ನು ಮೇಲ್‌ನಲ್ಲೇ ಬರೆಯಬಹುದಿತ್ತು. ಇದು ಬರೀ ಕಿರಿಕಿರಿಯ ಮಾತಲ್ಲ. ಅಟ್ಯಾಚ್‌ಮೆಂಟ್ ಬಂದರೆ ತೆರೆಯಲೇಬೇಕು ಅಂತ ನಮಗೆ ಕಲಿಸಿದವರೇ ಇವರು. ವರ್ಡ್ ಫೈಲ್‌ನ ಒಳಗೆ ಮ್ಯಾಕ್ರೊ ಅನ್ನುವ ಓಡುವ ಕೋಡ್ ಇರಬಹುದು, 1999ರ ಮೆಲಿಸ್ಸಾ ವೈರಸ್ ಹಾಗೆಯೇ ಹರಡಿದ್ದು. ಇಂಟರ್ನೆಟ್‌ನಿಂದ ಬಂದ ಫೈಲ್‌ಗಳಲ್ಲಿ ಮ್ಯಾಕ್ರೊವನ್ನು ಮೈಕ್ರೋಸಾಫ್ಟ್ ತಾನಾಗಿಯೇ ತಡೆಯಲು ಶುರು ಮಾಡಿದ್ದು 2022ರಲ್ಲಿ, ನಮ್ಮ ಕಡೆಯ ಎಷ್ಟೋ ಆಫೀಸಿನಲ್ಲಿ ಅದಕ್ಕಿಂತ ಹಳೇ ವರ್ಡ್ ಇನ್ನೂ ಇದೆ.

ಭಾರದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಘಟ್ಟದ ಮೇಲಿನ ನಮ್ಮ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋಯಿತೆಂದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಗುಡ್ಡ ಹತ್ತಿ ಒಂದು ಕಡ್ಡಿ ಸಿಗ್ನಲ್ ಹಿಡಿದು ಮೇಲ್ ನೋಡುವವರಿದ್ದಾರೆ. ಕನ್ನಡದ ಒಂದು ಸಂಕೇತಕ್ಕೆ 3 ಬೈಟ್ ಹಿಡಿಯುತ್ತದೆ, ಆದರೂ ಎರಡು ಪುಟದ ಕನ್ನಡ ಪತ್ರ 15-20 ಕೆಬಿ ಮುಟ್ಟುವುದು ಕಷ್ಟ. ಬಣ್ಣದ ಮೇಲ್‌ಗಳಲ್ಲಿ ಚಿತ್ರ ಬಿಟ್ಟು ಬರೀ ಎಚ್‌ಟಿಎಂಎಲ್ ಬರಹವೇ 102 ಕೆಬಿ ದಾಟಿ, ಜಿಮೇಲ್ ಅದನ್ನು ನಡುವೆ ಕತ್ತರಿಸಿ ತೋರಿಸುವುದುಂಟು. ದರ ಪಟ್ಟಿ ತಿಳಿಸಲು ಅಷ್ಟೆಲ್ಲ ಯಾಕೆ?

ಅಕ್ಷರ ಮಾತ್ರ ಮಾಡಿದರೆ ಮೋಸವೇ ಆಗುವುದಿಲ್ಲ ಅಂತ ನಾನು ಹೇಳಲಾರೆ. ಗುಜರಾತಿನವರಿಗೆ ಹೋದ 'ಈ ಖಾತೆಗೆ ಹಾಕಿ' ಅನ್ನುವ ಮೇಲ್‌ನಲ್ಲಿ ಬಣ್ಣ ಏನೂ ಇರಲಿಲ್ಲ, ಬರೀ ಎರಡು ಸಾಲು. ಅದಕ್ಕೆ ಮದ್ದು ಬೇರೆ, ಖಾತೆ ನಂಬರ್ ಬದಲಾಯಿತೆಂದರೆ ಗೊತ್ತಿರುವ ನಂಬರಿಗೆ ಫೋನ್ ಮಾಡಿ ಕೇಳಬೇಕು. ಈಗ ನಮ್ಮ ಎಲ್ಲ ಬಿಲ್‌ನ ಕೆಳಗೆ ಹಾಗಂತ ಬರೆಯುತ್ತೇವೆ. ಮೇಲ್‌ಗೆ ಎರಡನೇ ಹಂತದ ಪರಿಶೀಲನೆಯನ್ನೂ, ಅಂದರೆ ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಗುರುತು ಕೇಳುವುದನ್ನೂ, ಹಾಕಿದ್ದೇವೆ. ಫೋಟೊ, ಲೆಕ್ಕದ ಪಟ್ಟಿ ಕಳಿಸಬೇಕಾದರೆ ಕಳಿಸುತ್ತೇವೆ, ಮೊದಲು ಫೋನಿನಲ್ಲಿ ಹೇಳಿ. ಆದರೆ ನಮ್ಮ ಮನೆಗೆ ಕಳ್ಳ ಬಂದದ್ದು ಆ ನೀಲಿ ಗುಂಡಿಯ ದಾರಿಯಿಂದ, ಆ ದಾರಿಯನ್ನಂತೂ ಮುಚ್ಚಬಹುದು.

ಮುಚ್ಚುವ ಕೆಲಸ ನಮ್ಮೊಬ್ಬರದ್ದೇ ಆಗಬಾರದು. ಥಂಡರ್‌ಬರ್ಡ್‌ನಲ್ಲಿ ಇದು ಒಂದೇ ಮೆನು. ಹಳೇ ಔಟ್‌ಲುಕ್‌ನಲ್ಲೂ ಟ್ರಸ್ಟ್ ಸೆಂಟರ್ ಒಳಗೆ, ಎಲ್ಲ ಮೇಲ್ ಅನ್ನೂ ಪ್ಲೇನ್ ಟೆಕ್ಸ್ಟ್‌ನಲ್ಲಿ ಓದು ಅನ್ನುವುದಿದೆ. ಆದರೆ ನಮ್ಮ ಜನ ಜಾಸ್ತಿ ಬಳಸುವುದು ಫೋನಿನ ಜಿಮೇಲ್. ಅದರಲ್ಲಿ ಬಂದ ಮೇಲ್ ಅನ್ನು ಬರೀ ಅಕ್ಷರವಾಗಿ ತೋರಿಸು ಅನ್ನಲು ಒಂದು ಗುಂಡಿಯೂ ಇಲ್ಲ. ಇರಬೇಕು. ಹೊಸಬರಿಗೆ ಅದೇ ಮೊದಲಿನಿಂದ ಹಾಕಿರಬೇಕು, ಬಣ್ಣ ಬೇಕಾದವರು ಬೇಕೆಂದು ಒತ್ತಿಕೊಳ್ಳಲಿ. ಹಾಗೆಯೇ ಬ್ಯಾಂಕು, ವಿದ್ಯುತ್ ಕಚೇರಿ, ವಿಮೆ, ಸಹಕಾರ ಇಲಾಖೆ ಇವರೆಲ್ಲ ಜನರಿಗೆ ಕಳಿಸುವ ಮೇಲ್ ಅನ್ನು ಅಕ್ಷರದಲ್ಲೇ ಕಳಿಸಲಿ. ಈ ಕಚೇರಿಗಳಿಂದ ಗುಂಡಿ ಇರುವ ಮೇಲ್ ಬರುವುದೇ ಇಲ್ಲ ಅಂತ ಒಮ್ಮೆ ಜನಕ್ಕೆ ಗೊತ್ತಾದರೆ, ಗುಂಡಿ ಇಟ್ಟುಕೊಂಡು ಬಂದ ಮೇಲ್ ಕಳ್ಳನದ್ದು ಅಂತ ಕಾರವಾರದ ಮೀನು ಮಾರುಕಟ್ಟೆಯ ಅಕ್ಕಂದಿರಿಂದ ಹಿಡಿದು ಸಿದ್ದಾಪುರದ ಮೇಷ್ಟ್ರ ತನಕ ಎಲ್ಲರೂ ಹೇಳುತ್ತಾರೆ.

ನಿಮ್ಮ ಹತ್ತಿರವೂ ಒಂದು ಕೇಳಿಕೆ. ಓದುಗರ ಪತ್ರಗಳನ್ನು ಫೈಲ್ ಮಾಡಿ ಲಗತ್ತಿಸಿ ಅಂತ ನಿಮ್ಮ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಹಾಗೆ ದಿನಾ ಗೊತ್ತಿಲ್ಲದ ಎಷ್ಟೋ ಜನರ ಫೈಲ್‌ಗಳನ್ನು ನಿಮ್ಮ ಕಚೇರಿಯ ಹುಡುಗರು ತೆರೆಯಬೇಕು. ಆ ಸಾಲನ್ನು ಬದಲಿಸಿ, ಯುನಿಕೋಡ್ ಕನ್ನಡದಲ್ಲಿ ಮೇಲ್‌ನೊಳಗೇ ಬರೆಯಿರಿ ಅಂತ ಹಾಕಿ. ಈ ಪತ್ರವನ್ನು ನಾನು ಹಾಗೇ ಕಳಿಸಿದ್ದೇನೆ. ಲಗತ್ತು ಏನೂ ಇಲ್ಲ.

ಇಂತಿ,
ಸಂಘದ ಲೆಕ್ಕ ಬರೆಯುವ ನಿಮ್ಮ ಓದುಗಾರ್ತಿ
ಶಿರಸಿ, ಉತ್ತರ ಕನ್ನಡ